ದುಡಿಮೆಯೂ ಕೃತಜ್ಞತೆಯೂ

ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನಲ್ಲಿ ಹೊರಕೆರೆದೇವಪುರವೆಂಬ ಊರಿದೆ. ಹೆಸರಿನಲ್ಲಿಯೇ ಕೆರೆಯನ್ನು ಇರಿಸಿಕೊಂಡಿರುವ ಈ ಊರಿನ ಸೀಮೆಯಲ್ಲಿ ಮಳೆಯನ್ನು ನಂಬಿದ ಹೊಲಗಳೂ ಕೊಳವೆಬಾವಿಯನ್ನು ನಂಬಿದ ಅಡಿಕೆ ತೆಂಗಿನ ತೋಟಗಳೂ ಉಂಟು. ಇಂಥ ಊರುಗಳಲ್ಲಿ ಸೂರ್ಯನಿಗಿಂತ ಮೊದಲು ದುಡಿಮೆ ಏಳುತ್ತದೆ. ಹಾಲು ಕರೆಯುವವರು, ಮೊದಲ ಬಸ್ಸಿಗೆ ಹೂವಿನ ಬುಟ್ಟಿ ಹೊತ್ತು ಬರುವವರು, ಗುಡಿಯ ಅಂಗಳ ಗುಡಿಸುವವರು ಒಬ್ಬೊಬ್ಬರಾಗಿ ಕಾಣಿಸಿಕೊಳ್ಳುವ ಹೊತ್ತಿಗೆ ಮಸೀದಿಯಲ್ಲಿ ಬೆಳಗಿನ ನಮಾಜು ಮುಗಿದಿರುತ್ತದೆ. ಅಲ್ಲಿಂದ ಹೊರಬಿದ್ದವರಲ್ಲಿ ಒಬ್ಬನು ಸೈಕಲ್ ರಿಪೇರಿಯ ಅಂಗಡಿಯ ಬಾಗಿಲು ತೆರೆಯುತ್ತಾನೆ. ಇನ್ನೊಬ್ಬನು ಹೊಲಿಗೆಯಂತ್ರದ ಮುಸುಕು ತೆಗೆಯುತ್ತಾನೆ. ಮತ್ತೊಬ್ಬನು ಪಾತ್ರೆಗಳಿಗೆ ಕಲಾಯಿ ಹಾಕಲು ತಿದಿ, ನವಸಾಗರಗಳನ್ನು ಗಂಟು ಕಟ್ಟಿಕೊಂಡು ಪಕ್ಕದ ಹಳ್ಳಿಗೆ ಹೊರಡುತ್ತಾನೆ. ಮನೆಯ ಹೆಂಗಸರು ಅಡಿಕೆಯ ಕಾಲದಲ್ಲಿ ನೆರೆಹೊರೆಯ ಎಲ್ಲ ಜಾತಿಯ ಹೆಂಗಸರೊಡನೆ ಕುಳಿತು ಅಡಿಕೆ ಸುಲಿಯುತ್ತಾರೆ. ಪತ್ರಿಕೆಗಳಲ್ಲಿ ಬರುವಂಥ ಸುದ್ದಿ ಇದರಲ್ಲಿ ಯಾವುದೂ ಇಲ್ಲ. ಆದರೆ ಊರು ನಡೆಯುವುದು ಇದರಿಂದಲೇ.

ಶಾಲೆಗೆ ಸೇರುವಾಗ ತುಂಬಬೇಕಾದ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಅಂಕಣವೊಂದು ಇರುತ್ತದೆ. ಅಲ್ಲಿಗೆ ಬಂದಾಗ ಕೆಲವು ಮಕ್ಕಳ ಲೇಖನಿ ಕ್ಷಣಕಾಲ ತಡೆಯುತ್ತದೆ. ಟೈರಿಗೆ ಪಂಕ್ಚರ್ ಹಾಕುವವನ ಮಗನು ‘ವ್ಯಾಪಾರ’ ಎಂದು ಬರೆಯುತ್ತಾನೆ. ಹಾಸಿಗೆ ಹೊಲಿಯುವವನ ಮಗನೂ ‘ವ್ಯಾಪಾರ’ ಎಂದೇ ಬರೆಯುತ್ತಾನೆ. ಬರೆದದ್ದು ಪೂರ್ತಿ ಸುಳ್ಳೇನೂ ಅಲ್ಲ. ಆದರೂ ತಂದೆಯ ಕೈಯಲ್ಲಿರುವ ವಿದ್ಯೆಯನ್ನು ಅಡಗಿಸಿಡಬೇಕೆಂದು ಬಾಲಕನೊಬ್ಬನಿಗೆ ತೋರುವುದಾದರೆ ಅದು ಬಾಲಕನ ತಪ್ಪಲ್ಲ. ಕೆಲಸಗಳನ್ನು ಮೇಲು ಕೀಳೆಂದು ಅಳೆಯುವ ಹಿರಿಯರ ತಪ್ಪು. ಈ ತಪ್ಪು ಒಂದೇ ಮತದವರಲ್ಲಿದೆ ಎನ್ನುವಂತಿಲ್ಲ. ಮನುಷ್ಯರೆಲ್ಲರೂ ಸಮಾನರೆಂದು ಸಾರುವ ಇಸ್ಲಾಮನ್ನು ಅನುಸರಿಸುವವರಲ್ಲಿಯೂ, ಮನೆತನದ ಹಿರಿಮೆಯನ್ನು ಹೇಳಿಕೊಳ್ಳುವವರು ಹತ್ತಿಯ ಕೆಲಸದವರೊಡನೆ ನಂಟಸ್ತಿಕೆ ಬೆಳೆಸಲು ಅಳುಕುವುದುಂಟು.

ಹತ್ತಿಯ ಕೆಲಸದವರೆಂದರೆ ಪಿಂಜಾರರು. ಚಿತ್ರದುರ್ಗ, ದಾವಣಗೆರೆ, ಬಳ್ಳಾರಿ ಮೊದಲಾದ ಜಿಲ್ಲೆಗಳ ಅನೇಕ ಊರುಗಳಲ್ಲಿ ಇವರ ಮನೆಗಳಿವೆ. ಇವರಲ್ಲಿ ಬಹಳ ಮಂದಿಯ ಮನೆಮಾತು ಕನ್ನಡ. ಅರಳೆಯನ್ನು ಬಿಡಿಸುವ ಕೆಲಸಕ್ಕೆ ಕನ್ನಡದಲ್ಲಿ ‘ಹಿಂಜು’ ಎನ್ನುತ್ತಾರೆ. ಹಳಗನ್ನಡದ ‘ಪಾಲ್’ ‘ಹಾಲು’ ಆದುದನ್ನು ಬಲ್ಲ ವಿದ್ಯಾರ್ಥಿಗಳಿಗೆ ‘ಪಿಂಜಾರ’ ಮತ್ತು ‘ಹಿಂಜು’ ಒಂದೇ ಬಳಗದ ಮಾತುಗಳೆಂದು ತಿಳಿಯಲು ಕಷ್ಟವಿಲ್ಲ. ಇದೇ ಜನರಿಗಿರುವ ‘ನದಾಫ’ ಎಂಬ ಇನ್ನೊಂದು ಹೆಸರು ಅರಬ್ಬಿಯಿಂದ ಬಂದುದು. ಅದರ ಅರ್ಥವೂ ಹತ್ತಿ ಹಿಂಜುವವನೆಂದೇ.

ಕೆಲಸವನ್ನೇ ಹೆಸರಾಗಿ ಧರಿಸಿದವರು ಇವರೊಬ್ಬರೇ ಅಲ್ಲ. ಉತ್ತರ ಕರ್ನಾಟಕದಲ್ಲಿ ಅತ್ತಾರ, ಬಾಗವಾನ, ತಾಂಬೋಳಿ ಎಂಬ ಮನೆತನದ ಹೆಸರುಗಳನ್ನು ಕೇಳುತ್ತೇವೆ. ಸುಗಂಧವನ್ನು ಮಾರಿದವನು, ತೋಟದ ಫಲವನ್ನು ತಂದವನು, ವೀಳ್ಯದೆಲೆಯನ್ನು ಕೊಟ್ಟವನು ಇಂದಿಗೂ ಆ ಹೆಸರುಗಳಲ್ಲಿ ಉಳಿದಿದ್ದಾನೆ. ಪಾರಸಿ ಕವಿ ಉಮರ್ ಖಯ್ಯಾಮನ ಹೆಸರಿನ ಎರಡನೆಯ ಪದಕ್ಕೆ ಡೇರೆ ಹೊಲಿಯುವವನೆಂದು ಅರ್ಥ. ಕ್ರಿ.ಶ. 922ರಲ್ಲಿ ಬಾಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಸಂತ ಮನ್ಸೂರ್ ಹಲ್ಲಾಜನ ‘ಹಲ್ಲಾಜ’ ಎಂಬುದಾದರೋ ಹತ್ತಿ ಹಿಂಜುವವನೆಂಬ ಪದವೇ. ನಮ್ಮ ದೇಶದಲ್ಲಿಯೇ ಕಬೀರನು ನೇಕಾರರ ಮನೆಯಲ್ಲಿ ಬೆಳೆದನು. ಹದಿನಾರನೆಯ ಶತಮಾನದ ಸಂತ ದಾದೂ ದಯಾಲನು ಹತ್ತಿ ಹಿಂಜುವವರ ಮನೆಯವನೆಂದು ಪರಂಪರೆ ಹೇಳುತ್ತದೆ. ಅರ್ಜಿಯ ಅಂಕಣದಲ್ಲಿ ಲೇಖನಿ ತಡೆಯುವ ಹುಡುಗನಿಗೆ ಈ ಹೆಸರುಗಳನ್ನು ಯಾರಾದರೂ ಹೇಳಬೇಕಾಗಿತ್ತು.

ಹೆಸರಿನ ಹಿರಿಮೆ ಹಾಗಿರಲಿ. ಕೆಲಸದೊಳಗೆ ಏನಿದೆಯೆಂಬುದನ್ನು ನೋಡಬೇಕು. ಬೀಜವನ್ನು ಬೇರ್ಪಡಿಸಿದ ಹತ್ತಿಯೇ ಅರಳೆ. ಅದು ಮೊದಲಿಗೆ ಗಂಟುಗಂಟಾಗಿ, ಕಸ ಕೂಡಿಕೊಂಡು ಇರುತ್ತದೆ. ಹಿಂದೆ ಪಿಂಜಾರನು ಆಳುದ್ದದ ಮರದ ಬಿಲ್ಲನ್ನು ಸೂರಿಗೆ ತೂಗುಹಾಕಿ, ಅದಕ್ಕೆ ಬಿಗಿದ ಕರುಳಿನ ತಂತಿಯನ್ನು ಅರಳೆಯ ರಾಶಿಗೆ ತಾಗಿಸಿ, ಮರದ ಹಿಡಿಗುಂಡಿನಿಂದ ಮೀಟುತ್ತಿದ್ದನು. ತಂತಿಯ ಅದುರಿಗೆ ಗಂಟುಗಳು ಬಿಚ್ಚಿ ಅರಳೆ ಎಳೆಯೆಳೆಯಾಗಿ ಹಾರುತ್ತಿತ್ತು. ಕಸ, ಮಣ್ಣು, ಮುರಿದ ಬೀಜ ಕೆಳಗೆ ಉದುರುತ್ತಿದ್ದವು. ಮೆಲ್ಲಗೆ ಮೀಟಿದರೆ ಗಂಟು ಉಳಿಯುತ್ತದೆ. ಬಲವಾಗಿ ಮೀಟಿದರೆ ಎಳೆ ತುಂಡಾಗುತ್ತದೆ. ಎಷ್ಟು ಬಲ ಸಾಕೆಂಬುದು ತಂತಿಯ ದನಿಯಿಂದಲೇ ಅವನ ಕಿವಿಗೆ ತಿಳಿಯುತ್ತಿತ್ತು. ಹೀಗೆ ಹಿಂಜಿದ ಅರಳೆ ನೂಲುವವರ ಕೈಯಲ್ಲಿ ಹಂಜಿಯಾಗುತ್ತಿತ್ತು, ಇಲ್ಲವೇ ಹಾಸಿಗೆ, ದಿಂಬು, ರಜಾಯಿಗಳೊಳಗೆ ಸೇರುತ್ತಿತ್ತು. ನಾಲ್ಕಾರು ವರ್ಷ ಬಳಸಿ ಗಟ್ಟಿಯಾದ ಹಾಸಿಗೆಯನ್ನು ಬಿಚ್ಚಿ, ಅದೇ ಹತ್ತಿಯನ್ನು ಮತ್ತೆ ಹಿಂಜಿ, ಬಿಸಿಲು ಕಾಯಿಸಿ ತುಂಬಿದರೆ ಅದು ಹೊಸದರಂತೆಯೇ ಮೆತ್ತಗಾಗುತ್ತದೆ.

ಈ ಕೆಲಸದಲ್ಲಿ ಒಂದು ವಿಶೇಷವಿದೆ. ಹೊಲಿಗೆ ಮುಗಿದ ಮೇಲೆ ಒಳಗೇನಿದೆಯೆಂಬುದು ಯಾರಿಗೂ ಕಾಣುವುದಿಲ್ಲ. ಮೇಲೊಂದು ಪದರ ಒಳ್ಳೆಯ ಅರಳೆಯಿಟ್ಟು ನಡುವೆ ಗಿರಣಿಯ ಕಸವನ್ನೋ ಬಟ್ಟೆಯ ಚೂರುಗಳನ್ನೋ ತುಂಬಿದರೆ ಕೊಂಡವನಿಗೆ ತಿಳಿಯುವುದು ತಿಂಗಳುಗಳು ಕಳೆದ ಮೇಲೆ. ತುಂಬಿದವನ ಮನಸ್ಸಲ್ಲದೆ ಅಲ್ಲಿ ಬೇರೆ ಸಾಕ್ಷಿಯಿಲ್ಲ. ಹಳ್ಳಿಯ ಅಂಗಳವೊಂದರಲ್ಲಿ ನಡೆಯಬಹುದಾದ ಮಾತುಕತೆಯನ್ನು ಊಹಿಸಿಕೊಳ್ಳಬಹುದು. “ಸಾಬಣ್ಣ, ಮಗಳು ಬಾಣಂತನಕ್ಕೆ ಬರ್ತಾಳೆ. ಎರಡು ಕಿಲೋ ಹೊಸ ಹತ್ತಿ ಸೇರಿಸಪ್ಪ” ಎಂದು ಮನೆಯ ಯಜಮಾನಿ ಹೇಳುತ್ತಾಳೆ. ಅವನು ಬಿಚ್ಚಿದ ಹಾಸಿಗೆಯೊಳಗಿನ ಹತ್ತಿಯನ್ನು ಬೆರಳುಗಳ ನಡುವೆ ಎಳೆದು ನೋಡಿ, “ಬೇಡ ಕಣವ್ವ, ಇದರ ಎಳೆ ಇನ್ನೂ ಗಟ್ಟಿಯಾಗೈತೆ. ಹಿಂಜಿದರೆ ಸಾಕು, ಸುಮ್ಮನೆ ದುಡ್ಡು ದಂಡ” ಎನ್ನುತ್ತಾನೆ. ಆ ಒಂದು ಮಾತಿನಿಂದ ಅವನಿಗೆ ಆಗುವ ನಷ್ಟ ದೊಡ್ಡದಲ್ಲದಿರಬಹುದು. ಅವನ ದಿನದ ಗಳಿಕೆಯ ಲೆಕ್ಕದಲ್ಲಿ ಅದು ಸಣ್ಣದೂ ಅಲ್ಲ.

ಅವನು ಹಾಗೆ ಹೇಳುವುದು ಯಾವ ಬಲದಿಂದ? ಮುಸ್ಲಿಮನಾದವನು ಕೆಲಸಕ್ಕೆ ಕೈಹಚ್ಚುವ ಮುನ್ನ ‘ಬಿಸ್ಮಿಲ್ಲಾ’ ಎನ್ನುತ್ತಾನೆ. ಮುಗಿದಾಗ ‘ಅಲ್‌ಹಮ್ದುಲಿಲ್ಲಾ’ ಎನ್ನುತ್ತಾನೆ. ಮೊದಲನೆಯದು ದೇವರ ಹೆಸರಿನಲ್ಲಿ ಆರಂಭ, ಎರಡನೆಯದು ದೇವರಿಗೆ ಸ್ತುತಿ. ಅಭ್ಯಾಸಬಲದಿಂದ ಬಾಯಿಗೆ ಬರುವ ಈ ಎರಡು ಮಾತುಗಳ ನಡುವೆ ಕೆಲಸವಿದೆ. ದೇವರ ಹೆಸರು ಹೇಳಿ ತುಂಬಲು ಕುಳಿತ ಮೇಲೆ ಒಳಗೆ ಕಸವನ್ನಿಡುವುದು ಹೇಗೆ? ಪ್ರವಾದಿ ಮುಹಮ್ಮದರ ವಚನಗಳ ಸಂಗ್ರಹಗಳಲ್ಲಿ ಬಹು ಪ್ರಸಿದ್ಧವಾದ ಬುಖಾರಿಯವರ ಸಂಗ್ರಹವು, ಕರ್ಮಗಳ ಬೆಲೆ ಅವುಗಳ ಹಿಂದಿನ ಸಂಕಲ್ಪವನ್ನು ಅವಲಂಬಿಸಿದೆ ಎಂಬ ಅರ್ಥದ ವಚನದಿಂದಲೇ ಮೊದಲಾಗುತ್ತದೆ. ಈ ಸಂಕಲ್ಪಕ್ಕೆ ‘ನಿಯ್ಯತ್’ ಎಂದು ಹೆಸರು. ಹೆಂಡತಿ ಮಕ್ಕಳ ಅನ್ನಕ್ಕಾಗಿ ದೇವರ ಮೆಚ್ಚುಗೆಯನ್ನು ಬಯಸಿ ಖರ್ಚು ಮಾಡಿದ ಹಣವೂ ದಾನವೇ ಎಂದು ಪ್ರವಾದಿಗಳು ಹೇಳಿದರೆಂದು ಪ್ರತೀತಿ. ಹಾಗಿದ್ದಲ್ಲಿ ಸೂಜಿ ಹಿಡಿದವನಿಗೆ ಪುಣ್ಯವನ್ನು ಅರಸಿ ಬೇರೆ ಕಡೆ ಹೋಗಬೇಕಾದ ಅಗತ್ಯವಿಲ್ಲ.

ಕೃತಜ್ಞತೆಯ ವಿಷಯದಲ್ಲಿ ಕುರ್‌ಆನಿನ ಮೂವತ್ತನಾಲ್ಕನೆಯ ಅಧ್ಯಾಯದಲ್ಲಿರುವ ಪ್ರಸಂಗವೊಂದು ಗಮನಿಸತಕ್ಕದ್ದು. ಪ್ರವಾದಿ ದಾವೂದರಿಗೆ ದೇವರು ಕಬ್ಬಿಣವನ್ನು ಮೃದುವಾಗಿಸಿಕೊಟ್ಟನು. ಕವಚಗಳನ್ನು ಮಾಡಬೇಕೆಂದೂ ಕೊಂಡಿಗಳ ಅಳತೆ ಸರಿಯಾಗಿರಬೇಕೆಂದೂ ಅಪ್ಪಣೆಯಾಯಿತು. ಕವಚದ ಕೊಂಡಿ ದೊಡ್ಡದಾದರೆ ಬಾಣದ ಮೊನೆ ಒಳಹೊಕ್ಕೀತು. ತೀರ ಚಿಕ್ಕದಾದರೆ ತೊಟ್ಟವನ ಮೈ ಬಾಗದು. ಅರಸನೂ ಪ್ರವಾದಿಯೂ ಆದವನಿಗೆ ಬಂದ ದೈವಾಜ್ಞೆಯಲ್ಲಿ ಕಮ್ಮಾರನ ಕುಲುಮೆಯ ಈ ಸಣ್ಣ ಅಳತೆಗೂ ಸ್ಥಳವಿತ್ತೆಂಬುದು ಸೋಜಿಗವೇ ಸರಿ. ಮುಂದೆ, ಕೆಲವೇ ವಾಕ್ಯಗಳ ಅಂತರದಲ್ಲಿ, ದಾವೂದರ ಮನೆಯವರು ಕೃತಜ್ಞತೆಯಿಂದ ಕಾರ್ಯನಿರತರಾಗಬೇಕೆಂಬ ಆದೇಶ ಬರುತ್ತದೆ. ಕೃತಜ್ಞತೆಯನ್ನು ಬಾಯಿಂದ ಹೇಳಿರೆಂದು ಅಲ್ಲಿಲ್ಲ, ದುಡಿಯಿರೆಂದಿದೆ. ರಾಜ್ಯವಿದ್ದರೂ ದಾವೂದರು ತಮ್ಮ ಕೈಗಳ ದುಡಿಮೆಯಿಂದಲೇ ಉಣ್ಣುತ್ತಿದ್ದರೆಂದು ಪ್ರವಾದಿ ಮುಹಮ್ಮದರು ಹೊಗಳಿದರಂತೆ. ಮುಹಮ್ಮದರೂ ಎಳವೆಯಲ್ಲಿ ಕೂಲಿಗಾಗಿ ಮೆಕ್ಕಾದವರ ಕುರಿಗಳನ್ನು ಕಾಯ್ದವರು. ಮನೆಯಲ್ಲಿ ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರೆಂದು ಅವರ ಪತ್ನಿ ಆಯಿಷಾ ನೆನೆದಿದ್ದಾರೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ತಮಗೆ ಬರಬೇಕಾದುದನ್ನು ಪೂರ್ತಿಯಾಗಿ ಅಳೆದು ತೆಗೆದುಕೊಂಡು, ಇತರರಿಗೆ ಕೊಡುವಾಗ ತೂಕದಲ್ಲಿ ಕಡಿಮೆ ಮಾಡುವವರನ್ನು ಖಂಡಿಸುವುದಕ್ಕೆಂದೇ ಕುರ್‌ಆನಿನಲ್ಲಿ ಒಂದು ಅಧ್ಯಾಯದ ಆರಂಭ ಮೀಸಲಾಗಿದೆ. ಐದು ಹೊತ್ತು ತಪ್ಪದೆ ನಮಾಜು ಮಾಡಿ, ತಕ್ಕಡಿಯ ಕೆಳಗೆ ಬೆರಳಿಡುವ ಅಂಗಡಿಕಾರನು ತನ್ನ ಧರ್ಮದ ಅರ್ಧವನ್ನು ಮಾತ್ರ ಓದಿದ್ದಾನೆ. ಇಂಥವರು ಎಲ್ಲ ಮತಗಳಲ್ಲಿಯೂ ಇದ್ದಾರೆ. ಹಣೆಯ ಗುರುತು ಮಾತ್ರ ಬೇರೆ.

ದುಡಿಮೆಯನ್ನು ಕುರಿತ ಈ ಮಾತುಗಳು ಹೊಳಲ್ಕೆರೆಯ ನೆಲಕ್ಕೆ ಹೊರಗಿನವಲ್ಲ. ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನು ತನ್ನ ಕೊನೆಯ ದಿನಗಳನ್ನು ಕಳೆದುದು ಇದೇ ತಾಲ್ಲೂಕಿನ ನುಲೇನೂರಿನಲ್ಲಿ ಎಂದು ಸಂಪ್ರದಾಯವಿದೆ. ಅವನದು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವ ಕಾಯಕ. ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಜಾರಿ ನೀರಿಗೆ ಬಿದ್ದರೂ ಅವನು ಕೆಲಸವನ್ನು ನಿಲ್ಲಿಸಲಿಲ್ಲವಂತೆ. ಕಡೆಗೆ ಲಿಂಗವೇ ಅವನ ಹಗ್ಗವನ್ನು ಮಾರಿಕೊಡಲು ಹೋಗಿ ಅದರ ಬೆಲೆಗಿಂತ ಹೆಚ್ಚು ಹಣ ತಂದಾಗ, ಚಂದಯ್ಯನು ಹೆಚ್ಚಿನದನ್ನು ಒಪ್ಪಲಿಲ್ಲವೆಂದು ಕಥೆ. ಹೊಸ ಹತ್ತಿ ಬೇಡವೆಂದ ಹಾಸಿಗೆಯವನಿಗೆ ಈ ಕಥೆಯನ್ನು ಹೇಳಿದರೆ ಅವನಿಗೆ ವಿವರಣೆಯ ಅಗತ್ಯ ಬೀಳಲಾರದು.

ಹಾಗೆಂದು ಎರಡನ್ನೂ ಒಂದೇ ಎಂದುಬಿಡುವುದು ಅವಸರದ ಮಾತಾದೀತು. ಚಂದಯ್ಯನಿಗೆ ಕಾಯಕವೇ ಪೂಜೆ. ಅದರ ನಡುವೆ ಲಿಂಗವೂ ಕಾಯಬೇಕು. ಮುಸ್ಲಿಮನಿಗೆ ದುಡಿಮೆ ಪುಣ್ಯವಾದರೂ ಅದು ನಮಾಜಿನ ಸ್ಥಾನವನ್ನು ತೆಗೆದುಕೊಳ್ಳದು. ಶುಕ್ರವಾರ ಪ್ರಾರ್ಥನೆಯ ಕರೆ ಬಂದಾಗ ವ್ಯಾಪಾರವನ್ನು ಬಿಟ್ಟು ಬರಬೇಕೆಂದು ಕುರ್‌ಆನ್ ಹೇಳುತ್ತದೆ. ಪ್ರಾರ್ಥನೆ ಮುಗಿದೊಡನೆ ನೆಲದ ಮೇಲೆ ಹರಡಿ ದೇವರ ಅನುಗ್ರಹವನ್ನು, ಅಂದರೆ ಜೀವನೋಪಾಯವನ್ನು, ಅರಸಬೇಕೆಂದೂ ಹೇಳುತ್ತದೆ. ಕೆಲಸಕ್ಕೆ ಮಿತಿಯುಂಟು, ಅದು ದೇವರಲ್ಲ. ದಿನಕ್ಕೆ ಐದು ಸಲ ಕೆಲಸದಿಂದ ಏಳಬೇಕಾದವನಿಗೆ, ಕೆಲಸವು ತನ್ನನ್ನು ನುಂಗಿಬಿಡದಂತೆ ಕಾಪಾಡುವ ಒಂದು ಬೇಲಿ ಸಿಗುತ್ತದೆ. ದುಡಿದು ದುಡಿದು ಮಕ್ಕಳ ಮುಖ ನೋಡಲೂ ಬಿಡುವಿಲ್ಲದ ಈ ಕಾಲದ ಅನೇಕ ವಿದ್ಯಾವಂತರಿಗೆ ಆ ಬೇಲಿಯಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಬಡವನಿಗೆ ಕೃತಜ್ಞತೆಯನ್ನು ಬೋಧಿಸುವುದು ಸುಲಭ. ಇದ್ದುದರಲ್ಲಿ ತೃಪ್ತನಾಗಿರು ಎಂದು ಹೇಳಿ ಅವನ ಬಾಯಿ ಮುಚ್ಚಿಸಲು ಅದು ಒಳ್ಳೆಯ ಉಪಾಯವಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಅರಳೆಯ ಧೂಳು ವರ್ಷಗಟ್ಟಲೆ ಒಳಹೊಕ್ಕರೆ ಶ್ವಾಸಕೋಶ ಕೆಡುತ್ತದೆ. ಹತ್ತಿಯ ಕೆಲಸದವರಲ್ಲಿ ಕೆಮ್ಮು, ಎದೆಬಿಗಿತಗಳು ಸಾಮಾನ್ಯ. ಕಾರ್ಖಾನೆಯ ಫೋಮ್ ಹಾಸಿಗೆಗಳು ಬಂದ ಮೇಲೆ ಕೈಕೆಲಸದ ಬೇಡಿಕೆ ಕುಗ್ಗಿತು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪಿಂಜಾರ, ನದಾಫರನ್ನು ಪ್ರವರ್ಗ 1ರಲ್ಲಿ ಸೇರಿಸಿರುವುದೇ ಅವರ ಸ್ಥಿತಿಯನ್ನು ಹೇಳುತ್ತದೆ. ಇಂಥವರಿಗೆ ಬರಿಯ ಉಪದೇಶ ಮಾಡುವುದು ಕ್ರೌರ್ಯ.

ಆದರೆ ಕೃತಜ್ಞತೆ ಸಲ್ಲಬೇಕಾದುದು ದೇವರಿಗೆ. ಕಡಿಮೆ ಕೂಲಿ ಕೊಟ್ಟ ಧಣಿಗಲ್ಲ. ಕೂಲಿಯವನ ಬೆವರು ಆರುವ ಮುನ್ನ ಅವನ ಕೂಲಿ ಸಲ್ಲಬೇಕೆಂಬುದು ಪ್ರವಾದಿಗಳದೆಂದು ಪ್ರಸಿದ್ಧವಾದ ಮಾತು. ಕೈಗಳಿಗಾಗಿ ದೇವರನ್ನು ಸ್ತುತಿಸುವವನು ಆ ಕೈಗಳ ಕೂಲಿಯನ್ನು ಪೂರ್ತಿ ಕೇಳಿದರೆ ಭಕ್ತಿಗೆ ಊನವಿಲ್ಲ. ಹತ್ತಿ ಹಿಂಜುವಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡರೆ, ಬಿಲ್ಲನ್ನು ಬಿಟ್ಟು ಯಂತ್ರವನ್ನು ಕೊಂಡರೆ, ಮಗನನ್ನು ಕಾಲೇಜಿಗೆ ಕಳುಹಿಸಿದರೆ ಅದೂ ಕೃತಜ್ಞತೆಯೇ. ಒಂಟೆಯನ್ನು ಕಟ್ಟಿಹಾಕಿ ಅನಂತರ ದೇವರಲ್ಲಿ ಭರವಸೆಯಿಡು ಎಂದು ಪ್ರವಾದಿಗಳು ಬುದ್ಧಿ ಹೇಳಿದರೆಂದು ಮುಸ್ಲಿಮರ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ‘ಅಲ್ಲಾ ಕೊಟ್ಟಷ್ಟು ಸಾಕು’ ಎಂಬ ಮಾತು ದುಡಿದು ದಣಿದವನ ಬಾಯಲ್ಲಿ ಚೆನ್ನ; ಕಟ್ಟೆಯ ಮೇಲೆ ಕಾಲು ಚಾಚಿದವನ ಬಾಯಲ್ಲಿ ಅಲ್ಲ.

ದಿನನಿತ್ಯದ ಸಣ್ಣ ಕೆಲಸ ದೊಡ್ಡ ಉದ್ದೇಶವನ್ನು ಹೊರಬಲ್ಲುದೇ ಎಂದು ಸಂಶಯಪಡುವವರು ಹೊರಕೆರೆದೇವಪುರದಿಂದ ಘಟ್ಟ ಇಳಿದು ಮಂಗಳೂರಿನ ಸಮೀಪದ ಹರೇಕಳಕ್ಕೆ ಹೋಗಿಬರಬೇಕು. ಅಲ್ಲಿಯ ಹಾಜಬ್ಬನವರು ಮಂಗಳೂರಿನ ಬೀದಿಯಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರಿ ಸಂಸಾರ ಸಾಗಿಸಿದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಒಮ್ಮೆ ವಿದೇಶೀಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಅವರಿಗೆ ಉತ್ತರ ಹೇಳಲಾಗಲಿಲ್ಲ. ಅಂದಿನ ಆ ನಾಚಿಕೆಯನ್ನು ಮರೆತುಬಿಡುವುದು ಸುಲಭವಿತ್ತು. ಅದೃಷ್ಟವನ್ನು ಹಳಿಯುವುದು ಇನ್ನೂ ಸುಲಭ. ಹಾಜಬ್ಬನವರು ತಮ್ಮ ಊರಿನ ಮಕ್ಕಳಿಗೆ ಹೀಗಾಗಬಾರದೆಂದು ನಿಶ್ಚಯಿಸಿ, ಕಿತ್ತಳೆಯಿಂದ ಬಂದ ಪುಡಿಗಾಸಿನಲ್ಲಿ ಉಳಿಸುತ್ತ, ಅಧಿಕಾರಿಗಳ ಬಾಗಿಲಿಗೂ ದಾನಿಗಳ ಬಾಗಿಲಿಗೂ ಅಲೆಯುತ್ತ ನ್ಯೂಪಡ್ಪುವಿಗೆ ಶಾಲೆಯನ್ನು ತಂದರು. ಮದರಸದ ಆಸರೆಯಲ್ಲಿ 28 ಮಕ್ಕಳಿಂದ ಆರಂಭವಾದ ಅದು ಸರ್ಕಾರಿ ಶಾಲೆಯಾಗಿ ಪ್ರೌಢಶಾಲೆಯವರೆಗೆ ಬೆಳೆಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ಅವರು ಬರಿಗಾಲಿನಲ್ಲಿ ರಾಷ್ಟ್ರಪತಿ ಭವನವನ್ನು ಪ್ರವೇಶಿಸಿ ಅದನ್ನು ಸ್ವೀಕರಿಸಿದುದನ್ನು ದೇಶವೆಲ್ಲ ನೋಡಿತು.

ಎಲ್ಲರಿಗೂ ಪ್ರಶಸ್ತಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಹಾಜಬ್ಬನವರ ಕಥೆಯಲ್ಲಿ ಅದು ಬಹಳ ತಡವಾಗಿ ಬಂದ ಪುಟ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಇದ್ದುದು ಒಂದು ಬುಟ್ಟಿ, ಬಿಸಿಲು, ಮತ್ತು ಸಂಜೆ ಎಣಿಸಿ ಬೇರೆ ತೆಗೆದಿಟ್ಟ ಸ್ವಲ್ಪ ಹಣ. ಅಡಿಕೆ ಸುಲಿದ ಹೆಣ್ಣುಮಗಳೊಬ್ಬಳು ಬಂದ ಕೂಲಿಯಲ್ಲಿ ಮಗಳ ನೋಟ್‌ಪುಸ್ತಕಕ್ಕೆಂದು ಗಂಟು ಹಾಕಿಡುವುದನ್ನು ಯಾವ ರಾಷ್ಟ್ರಪತಿಯೂ ನೋಡಲಾರರು.

ಬಿಲ್ಲಿನ ದನಿ ಈಗ ಹಳ್ಳಿಗಳಲ್ಲಿ ಅಪರೂಪ. ಹತ್ತಿ ಹಿಂಜುವ ಯಂತ್ರವನ್ನು ವಾಹನದ ಮೇಲೆ ಹೇರಿಕೊಂಡು ಬೇಸಗೆಯಲ್ಲಿ ಊರಿಂದೂರಿಗೆ ಬರುತ್ತಾರೆ. ಯಂತ್ರವು ಗಂಟು ಬಿಡಿಸುತ್ತದೆ. ತುಂಬುವುದೂ ಹೊಲಿಯುವುದೂ ಇಂದಿಗೂ ಕೈಯ ಕೆಲಸ. ಅದರಲ್ಲಿಯೂ ಮೂಲೆಗಳನ್ನು ತುಂಬುವುದು ಕಠಿನ; ಅಲ್ಲಿ ಅರಳೆ ಕಡಿಮೆಯಾದರೆ ಹಾಸಿಗೆ ಬೇಗ ಕುಸಿಯುತ್ತದೆ. ಶಾಲೆಗೆ ರಜೆಯಿರುವ ದಿನಗಳಲ್ಲಿ ತಂದೆಯೊಡನೆ ಬಂದ ಹುಡುಗನು ಮೊದಲು ಕಲಿಯುವುದು ಇದನ್ನೇ. ಅವನು ತುಂಬಿದ ಮೂಲೆಯನ್ನು ತಂದೆಯು ಅಂಗೈಯಿಂದ ಒತ್ತಿ ನೋಡುತ್ತಾನೆ. ಟೊಳ್ಳೆನಿಸಿದರೆ ಮಾತಾಡದೆ ಹೊಲಿಗೆ ಬಿಚ್ಚಿ ಮುಂದಿಡುತ್ತಾನೆ. ಹುಡುಗನು ಮತ್ತೆ ತುಂಬುತ್ತಾನೆ. ಅಷ್ಟರಲ್ಲಿ ಇಳಿಹೊತ್ತಿನ ನಮಾಜಿನ ಕರೆ ಕೇಳಿಬರುತ್ತದೆ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ತಲೆಯ ಮೇಲೂ ತೋಳಿನ ಮೇಲೂ ಅಂಟಿದ ಅರಳೆಯ ಎಳೆಗಳನ್ನು ಕೊಡವಿಕೊಂಡು ಇಬ್ಬರೂ ಏಳುತ್ತಾರೆ. ನಾಲ್ಕನೆಯ ಮೂಲೆಯ ಹೊಲಿಗೆ ಇನ್ನೂ ಉಳಿದಿರುತ್ತದೆ.